ಅಪ್ಪನ ಕಾಲದ ಆನ್‌ಲೈನ್ ಜೂಜು

ನನ್ನ ಕಕ್ಷಿಗಾರರು ತಮ್ಮ ತಂದೆಯ ಕಾಲದಿಂದಲೂ ಆನ್‌ಲೈನ್ ಜೂಜು ಆಡಿಸಿಕೊಂಡು ಬಂದಿದ್ದಾರೆ ಎಂದು ಪೊಲೀಸರು ಬರೆದಿದ್ದರು. ತಂದೆಯ ಕಾಲದಲ್ಲಿ ಉಪ್ಪಿನಂಗಡಿಯಲ್ಲಿ ಲೈನ್ ಎಂದು ಇದ್ದದ್ದು ಕರೆಂಟಿನದ್ದು ಒಂದೇ, ಅದೂ ಗಾಳಿ ಬೀಸದ ದಿನ. ಆದರೂ ಬರೆದರು, ಓದಿ ಹೇಳಿದ್ದೇವೆ ಎಂದು ಷರಾ ಹಾಕಿದರು, ಕೆಳಗೆ ಸಹಿ ಮಾಡಿಸಿಕೊಂಡರು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ. ಈ ಸಲ ಕಟ್ಟಲು ಹೊರಟದ್ದು ಜಾಮೀನಿಲ್ಲದ ಕಾಯ್ದೆಯ ಕೊಟ್ಟಿಗೆಗೆ, ಅಷ್ಟೇ ವ್ಯತ್ಯಾಸ.

ನಾನು ಪುತ್ತೂರಿನಲ್ಲಿ ವಕೀಲಿ ಮಾಡುವವಳು. ಪಾಲಿನ ದಾವೆ, ದಾರಿಯ ತಕರಾರು, ಗಡಿಕಲ್ಲು ಕಿತ್ತ ಅಣ್ಣತಮ್ಮಂದಿರು, ಹೆಚ್ಚಾಗಿ ಇಂಥವೇ ನನ್ನ ಪಾಲಿಗೆ ಬರುವುದು. ಉಪ್ಪಿನಂಗಡಿಯ ಹೆದ್ದಾರಿ ಬದಿಯ ಆ ಹೋಟೆಲಿನವರು ಕೂಡ ಹಿಂದೊಮ್ಮೆ ಹಿತ್ತಲಿನ ಗಡಿಯ ವಿಷಯಕ್ಕೆ ನನ್ನಲ್ಲಿಗೆ ಬಂದವರೇ. ಈ ಸಲ ಬಂದಾಗ ಕುರ್ಚಿಯ ತುದಿಯಲ್ಲಿ ಕೂತರು.

"ಬ್ಯಾಂಕಿನ ಖಾತೆ ಬಂದ್ ಮಾಡಿದ್ದಾರೆ ಮೇಡಂ. ಕೇಳಿದ್ರೆ ಮೇಲಿನಿಂದ ಆದೇಶ ಅಂತಾರೆ. ಮೇಲೆ ಅಂದ್ರೆ ಎಲ್ಲಿ ಅಂತ ಕೇಳಿದ್ರೆ ಫ್ಯಾನ್ ನೋಡ್ತಾರೆ."

"ಪೊಲೀಸರು ಕರೆದ್ರಾ?"

"ನೋಟಿಸು ಬಂದಿತ್ತು. ಹೋಗಿ ಮಾತಾಡಿ ಬಂದೆ."

"ಯಾರನ್ನು ಕೇಳಿ ಹೋದದ್ದು ಮಾರಾಯ್ರೆ?"

"ಕೇಳುದೆಂತ? ನಾನು ತಪ್ಪು ಮಾಡ್ಲಿಲ್ಲ ಅಲ್ವಾ."

ಠಾಣೆಯಲ್ಲಿ ಹೆಚ್ಚು ಮಾತಾಡುವವರು ಯಾವಾಗಲೂ ತಪ್ಪು ಮಾಡದವರೇ. ಮಾಡಿದವರು ವಕೀಲರು ಬರಲಿ ಎಂದು ಬಾಯಿ ಮುಚ್ಚಿ ಕೂರುತ್ತಾರೆ.

ವಿಷಯ ಇಷ್ಟು. ಐವರ್ನಾಡು ಕಡೆಯ ಒಬ್ಬ ಈ ಹೋಟೆಲಿಗೆ ದಿನಾ ಬರುತ್ತಿದ್ದ. ಬನ್ಸ್ ತಿನ್ನುತ್ತಿದ್ದ, ಚಾ ಕುಡಿಯುತ್ತಿದ್ದ, ಹೊರಡುವಾಗ "ಅಣ್ಣ, ಸ್ವಲ್ಪ ಕ್ಯಾಶ್ ಬೇಕಿತ್ತು, ಸ್ಕ್ಯಾನ್ ಮಾಡ್ತೇನೆ" ಎನ್ನುತ್ತಿದ್ದ. ಗಲ್ಲಾದ ಮೇಲಿನ ಕ್ಯೂಆರ್ ಚೀಟಿಗೆ ಹಣ ಬೀಳುತ್ತಿತ್ತು, ಇವರು ಗಲ್ಲಾದಿಂದ ನೋಟು ತೆಗೆದುಕೊಡುತ್ತಿದ್ದರು. ನಮ್ಮ ಊರಿನ ಯಾವ ಅಂಗಡಿಯವರು ಇದನ್ನು ಮಾಡಿಲ್ಲ? ಎಟಿಎಮ್ಮಿನಲ್ಲಿ ಹಣ ಇಲ್ಲದ ದಿನ ನಾನೇ ಔಷಧಿ ಅಂಗಡಿಯಲ್ಲಿ ಹೀಗೆ ಮಾಡಿದ್ದೇನೆ. ಆದರೆ ಆ ಚೀಟಿಗೆ ಬೀಳುತ್ತಿದ್ದದ್ದು ಅವನ ಹಣವಾಗಿರಲಿಲ್ಲ. ಚೀಟಿಯ ಫೋಟೊ ತೆಗೆದು ಅವನು ಊರೂರಿಗೆ ಕಳಿಸಿದ್ದ. ಅವನು ಒಂದು ಜೂಜಿನ ಆ್ಯಪಿನ ಏಜೆಂಟ್. ಆಡುವವರು ಆ್ಯಪಿಗೆ ಹಾಕುವ ಹಣ ಹೋಟೆಲಿನ ಖಾತೆಗೆ ಬರುತ್ತಿತ್ತು, ಗಲ್ಲಾದಿಂದ ನೋಟಾಗಿ ಅವನ ಜೇಬಿಗೆ ಹೋಗುತ್ತಿತ್ತು. ನೆಲ್ಯಾಡಿಯ ರಬ್ಬರ್ ಕೃಷಿಕರೊಬ್ಬರು ಕಳೆದುಕೊಳ್ಳುವಷ್ಟು ಕಳೆದುಕೊಂಡು ಕೊನೆಗೆ ದೂರು ಕೊಟ್ಟರು. ಏಜೆಂಟ್ ಜೈಲಿಗೆ ಹೋದ. ಎರಡನೇ ಆರೋಪಿಯ ಸ್ಥಾನ ಹೋಟೆಲಿನವರಿಗೆ ಸಿಕ್ಕಿತು.

ಆ ಆ್ಯಪನ್ನು ನಾನು ನೋಡಿದೆ. ನೋಡದೆ ವಾದ ಮಾಡುವವಳಲ್ಲ. ಅದರಲ್ಲಿ ಕನ್ನಡವೂ ಇತ್ತು, ಯಂತ್ರ ಉಗುಳಿದ ಕನ್ನಡ. ಅರೆಬೆತ್ತಲೆಯ ಹುಡುಗಿಯೊಬ್ಬಳು ನಗುತ್ತಾ ಇಸ್ಪೀಟಿನ ಎಲೆ ಹಾಕುತ್ತಿದ್ದಳು. ಆಟದ ಹೆಸರು ಅಂದರ್ ಬಾಹರ್. ನಮ್ಮ ಠಾಣೆಗಳ ಎಫ್ಐಆರಿನಲ್ಲಿ ಇದಕ್ಕೆ ತುಳುವಿನ ಹೆಸರೇ ಉಂಟು, ಉಲಾಯಿ ಪಿದಾಯಿ. ಒಳಗೆ, ಹೊರಗೆ. ಗುಡ್ಡೆಯಲ್ಲಿ ಟಾರ್ಪಾಲು ಹಾಸಿ ಆಡಿದರೆ ಅದು ಜುಗಾರಿ, ಪೊಲೀಸರು ಓಡಿಸಿಕೊಂಡು ಹೋಗಿ ಹಿಡಿಯುತ್ತಾರೆ. ಅದನ್ನೇ ಫೋನಿನಲ್ಲಿ ಆಡಿದರೆ ಬುದ್ಧಿಯ ಆಟ, ಕೌಶಲದ ಆಟ. ಒಳಗೋ ಹೊರಗೋ ಎಂದು ಹೇಳುವುದರಲ್ಲಿ ಯಾವ ಕೌಶಲ ಉಂಟೆಂದು ನನಗೆ ಇಂದಿಗೂ ಯಾರೂ ಹೇಳಿಕೊಟ್ಟಿಲ್ಲ. ಪರದೆಯ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ಜವಾಬ್ದಾರಿಯುತವಾಗಿ ಆಟವಾಡಿರಿ" ಎಂದಿತ್ತು. ಕೈಯನ್ನು ನಿಮ್ಮ ಜೇಬಿಗೆ ಹಾಕಿಕೊಂಡೇ ಜೇಬಿನ ಬಗ್ಗೆ ಜಾಗ್ರತೆ ಎನ್ನುವ ನಾಚಿಕೆಗೇಡಿಗಳು.

ಕಾಯ್ದೆಯ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದ್ದೆಲ್ಲ ನಿಂತದ್ದು ಅದರ ಮೇಲೆ. ಕೇಂದ್ರದ ಹೊಸ ಕಾಯ್ದೆಗೆ ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳ ಬೇಡ. ಹಣ ಹಾಕಿ ಹಣ ಗೆಲ್ಲುವ ಆಟವನ್ನು ಆನ್‌ಲೈನಿನಲ್ಲಿ ಒದಗಿಸಿದರೆ ಅಪರಾಧ, ಅದರ ಹಣ ಸಾಗಿಸಿದರೂ ಅಪರಾಧ. ಆಡಿದವನಿಗೆ ಶಿಕ್ಷೆ ಇಲ್ಲ, ಆಡಿಸಿದವನಿಗೆ ಉಂಟು. ಕನ್ನಡದಲ್ಲಿ ಹೇಳುವುದಾದರೆ ಜೈಲು ಇರುವುದು ಒಂದು 'ಇಸು' ಎಂಬಲ್ಲಿ.

ನಾನು ಪುತ್ತೂರಿನ ಸೆಷನ್ಸ್ ಕೋರ್ಟಿಗೆ ನಿರೀಕ್ಷಣಾ ಜಾಮೀನಿನ ಅರ್ಜಿ ಹಾಕಿದೆ. ಅರ್ಜಿ ಸರಳವಾಗಿತ್ತು. ಅಂಗಡಿಯವರು ಚಿಲ್ಲರೆ ಕೊಟ್ಟಿದ್ದಾರೆ, ಹಣದ ಮೂಲ ಅವರಿಗೆ ಗೊತ್ತಿರಲಿಲ್ಲ, ಓಡಿಹೋಗುವವರಲ್ಲ. ಗೊತ್ತಿತ್ತೋ ಇಲ್ಲವೋ ಎಂಬುದೊಂದೇ ಪ್ರಶ್ನೆ, ಅದು ವಿಚಾರಣೆಯಲ್ಲಿ ತೀರ್ಮಾನವಾಗಲಿ ಎಂದು ಬರೆದೆ. ಮರುದಿನ ಏಜೆಂಟನ ವಕೀಲರು ನನ್ನನ್ನು ಹುಡುಕಿಕೊಂಡು ಬಂದರು.

ಬೆಂಗಳೂರಿನವರು. ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅವರ ಫೀಸು ಐವರ್ನಾಡಿನ ಆ ಮನುಷ್ಯ ಕೊಡುವಂಥದ್ದಲ್ಲ, ಯಾರು ಕೊಡುತ್ತಾರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೇಜಿನ ಮೇಲೆ ಒಂದು ಬಣ್ಣದ ಪ್ರಮಾಣಪತ್ರ ಇಟ್ಟರು. ದೂರದ ಒಂದು ದ್ವೀಪ ದೇಶದ ಸರ್ಕಾರ ಆ ಕಂಪೆನಿಗೆ ಕೊಟ್ಟ ಲೈಸೆನ್ಸ್. ಮುದ್ರೆ ಉಂಟು, ತಾಳೆಮರದ ಚಿತ್ರ ಉಂಟು. ದೇಶ ಎಂದರೆ ಭೂಪಟದಲ್ಲಿ ನೊಣ ಕೂತು ಎದ್ದ ಕಲೆಯಷ್ಟು. ಅದರ ಹೆಸರು ಬೇಡ, ಅಲ್ಲಿಯ ಮೀನುಗಾರರು ಎಂತ ಮಾಡಿದ್ದಾರೆ ಪಾಪ.

"ನೋಡಿ ಮೇಡಂ, ಇದು ಪೂರ್ತಿ ಲೀಗಲ್ ಕಂಪೆನಿ. ಸರ್ವರ್ ಅಲ್ಲಿದೆ, ಲೈಸೆನ್ಸ್ ಅಲ್ಲಿದೆ, ಆಟ ನಡೆಯೋದೂ ಅಲ್ಲೇ. ಇಲ್ಲಿನ ಕಾಯ್ದೆ ಅಲ್ಲಿಗೆ ಹೇಗೆ ಹೋಗುತ್ತೆ? ನಾವಿಬ್ರೂ ಒಂದೇ ವಾದ ಮಾಡೋಣ. ನಿಮ್ಮ ಕ್ಲೈಂಟು ಕಂಪೆನಿಯ ವ್ಯಾಪಾರಿ ಮಿತ್ರರು ಅಂತ ಒಂದು ಅಫಿಡವಿಟ್ ಹಾಕ್ಲಿ. ಕಾನೂನುಬದ್ಧ ವ್ಯವಹಾರ ಅಂತ ನಂಬಿ ಮಾಡಿದ್ರು, ಮುಗೀತು. ಖರ್ಚೆಲ್ಲ ನಮ್ಮದು."

"ಹಾಕದಿದ್ರೆ?"

"ಹಾಕದಿದ್ರೆ ನಮ್ಮವನು ನಿಮ್ಮವರಿಗೆ ಎಲ್ಲಾ ಗೊತ್ತಿತ್ತು ಅಂತ ಹೇಳ್ಬೇಕಾಗುತ್ತೆ. ಅವನ ಜೀವ ಅವನು ಉಳಿಸ್ಕೋಬೇಕಲ್ಲ."

ಬೆದರಿಕೆಯನ್ನೂ ಅವರು ಚಾ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದರು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ಈ ಕಳ್ಳನಿಗೆ ಒಂದು ಇಡೀ ದೇಶ ನೆವ.

ಅದೇ ವಾರ ಸರ್ಕಾರಿ ವಕೀಲರ ತಕರಾರಿನ ಪ್ರತಿ ಕೈಗೆ ಬಂತು. ಓದಿದವಳೇ ಕುರ್ಚಿಗೆ ಒರಗಿದೆ. ಹೋಟೆಲಿನವರ ಹೇಳಿಕೆ ಹೀಗಿತ್ತು: ತಾನು ತನ್ನ ತಂದೆಯ ಕಾಲದಿಂದಲೂ ಪ್ರತಿ ವರ್ಷ ತಪ್ಪದೆ ಆಟ ಆಡಿಸುತ್ತಾ ಬಂದಿರುವುದಾಗಿಯೂ, ಸದರಿ ಆಟವು ರಾತ್ರಿ ಪ್ರಾರಂಭವಾಗಿ ಬೆಳಗಿನ ತನಕ ನಡೆಯುವುದಾಗಿಯೂ, ಇದಕ್ಕಾಗಿ ಮುಂಗಡ ಹಣ ಕೊಡುವುದಾಗಿಯೂ, ನೂರಾರು ಜನರು ಸೇರುವುದಾಗಿಯೂ, ಒಂದನೇ ಆರೋಪಿಯನ್ನೂ ಆಟಕ್ಕೆ ಕರೆದಿರುವುದಾಗಿಯೂ ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾರೆ. ಜೊತೆಗೆ ಏಜೆಂಟನ ಫೋನಿನಲ್ಲಿ ಸಿಕ್ಕಿದ ಸಂದೇಶ. ಅವನು ಕೇಳಿದ್ದ, "ಅಣ್ಣ ಆಟ ಯಾವಾಗ?" ಇವರು ಬರೆದಿದ್ದರು, "ಬರುವ ತಿಂಗಳು. ವೀಳ್ಯ ಕೊಟ್ಟಾಗಿದೆ. ನೀನೂ ಬಾ." ಅದರ ಕೆಳಗೆ ತನಿಖಾಧಿಕಾರಿಯ ಟಿಪ್ಪಣಿ: ಆಟ ಎಂದರೆ ಆನ್‌ಲೈನ್ ಜೂಜಾಗಿದ್ದು, ವೀಳ್ಯ ಎಂಬುದು ಆರೋಪಿಗಳು ಬಳಸುವ ಸಂಕೇತ ಪದವಾಗಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗೂ ವಿವರಿಸಬೇಕಾಗಿಲ್ಲ. ಇಲ್ಲಿ ಆಟ ಎಂದರೆ ಯಕ್ಷಗಾನ. ನಾಟಕಕ್ಕೆ ನಾಟಕ ಎನ್ನುತ್ತೇವೆ, ಕ್ರಿಕೆಟಿಗೆ ಕ್ರಿಕೆಟ್, ಇಸ್ಪೀಟಿಗೆ ಜುಗಾರಿ. ಬರೇ ಆಟ ಎಂದರೆ ಚೆಂಡೆ, ಗೆಜ್ಜೆ, ಕಿರೀಟ. ಹರಕೆ ಹೇಳಿಕೊಂಡವರು ಮೇಳವನ್ನು ಕರೆಸಿ ಆಟ ಆಡಿಸುತ್ತಾರೆ, ಮುಂಗಡವಾಗಿ ಮೇಳಕ್ಕೆ ವೀಳ್ಯ ಕೊಡುತ್ತಾರೆ. ತನಿಖಾಧಿಕಾರಿ ಬೆಂಗಳೂರಿನ ಆಚೆಯಿಂದ ವರ್ಗವಾಗಿ ಬಂದವರು. "ಆಟ ಆಡಿಸ್ತೀರೇನ್ರಿ?" ಎಂದು ಅವರು ಕೇಳಿದ್ದಾರೆ. "ಹೌದು ಸರ್, ಅಪ್ಪನ ಕಾಲದಿಂದ ಉಂಟು" ಎಂದು ಇವರು ಎದೆಯುಬ್ಬಿಸಿ ಹೇಳಿದ್ದಾರೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂದು ಪುಸ್ತಕದಲ್ಲಿ ಉಂಟು, ಸರಿ. ಜಾಮೀನಿನ ಹೊತ್ತಿಗೆ ಅದೇ ಎಲ್ಲರ ಕಿವಿಯಲ್ಲಿ ಮೊದಲು ಕೂತಿರುತ್ತದೆ.

ಹೋಟೆಲಿನವರನ್ನು ಕರೆಸಿ ಓದಿ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಅವರು ಓದಿ ಹೇಳಿದಾಗ ನನಗೆ ಸರಿ ಅಂತಲೇ ಕಂಡದ್ದು ಮೇಡಂ. ಎಲ್ಲ ನಾನು ಹೇಳಿದ್ದೇ ಅಲ್ವಾ."

ಆಮೇಲೆ ಹರಕೆಯ ಕಥೆ ಹೇಳಿದರು. ಹಿಂದೊಂದು ದೊಡ್ಡ ನೆರೆಗೆ ನೇತ್ರಾವತಿ, ಕುಮಾರಧಾರಾ ಎರಡೂ ಸೇರಿ ಪೇಟೆಗೆ ನುಗ್ಗಿದಾಗ ಅವರ ಅಪ್ಪ ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಕೈ ಮುಗಿದರಂತೆ. ನೀರು ಮೇಲಿನ ಮೆಟ್ಟಿಲು ಹತ್ತದಿದ್ದರೆ ಈ ಹೋಟೆಲು ಇರುವಷ್ಟು ವರ್ಷ ವರ್ಷಕ್ಕೊಂದು ಆಟ. ನೀರು ಹತ್ತಲಿಲ್ಲ. ಈ ವರ್ಷದ ಆಟಕ್ಕೆ ದಿನ ಗೊತ್ತಾಗಿತ್ತು. ಜಾಮೀನು ಆಗದಿದ್ದರೆ ಇವರು ಆ ದಿನ ಜೈಲಿನಲ್ಲಿರುತ್ತಿದ್ದರು, ಜುಗಾರಿ ಆಡಿಸಿದವ ಎಂಬ ಹೆಸರಿನಲ್ಲಿ. ಅಪ್ಪನ ಹರಕೆ ತಪ್ಪುವುದು ಅವರಿಗೆ ಬಂಧನಕ್ಕಿಂತ ದೊಡ್ಡ ಭಯವಾಗಿತ್ತು. ಆ ಭಯದಲ್ಲೇ ಅವರು ಬೆಂಗಳೂರಿನ ವಕೀಲರ ದಾರಿಗೆ ವಾಲತೊಡಗಿದ್ದರು.

"ಅವರು ಹೇಳಿದ ಹಾಗೆ ಸಹಿ ಹಾಕಿದ್ರೆ ಜಾಮೀನು ಖಂಡಿತವಾ ಮೇಡಂ?"

"ಅವರು ಖಂಡಿತ ಅಂತಾರೆ. ನಾನು ಹೇಳುದಿಲ್ಲ. ನನಗೆ ಎರಡು ದಿನ ಕೊಡಿ, ಆ ಲೈಸೆನ್ಸನ್ನು ಪೂರ್ತಿ ಓದಬೇಕು."

ಓದಿದೆ. ಆ ದೇಶದ ಜೂಜಿನ ಕಾಯ್ದೆ, ಲೈಸೆನ್ಸಿನ ಷರತ್ತುಗಳು, ಕಂಪೆನಿಯ ನಿಯಮಾವಳಿ, ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಬಿದ್ದಿರುತ್ತವೆ, ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ. ಕಂಪೆನಿಯ ವಿಳಾಸ ಒಂದು ಕೋಣೆ. ಅದೇ ಕೋಣೆಯ ವಿಳಾಸ ಕೊಟ್ಟ ಬೇರೆ ಕಂಪೆನಿಗಳು ಎಷ್ಟು ಸಿಕ್ಕವೆಂದರೆ, ಅವರೆಲ್ಲ ಒಂದು ದಿನ ಒಟ್ಟಿಗೆ ಕೆಲಸಕ್ಕೆ ಬಂದರೆ ಅರ್ಧ ಜನ ಸಮುದ್ರಕ್ಕೆ ಬೀಳುತ್ತಾರೆ. ಆಡುವವನು ತನ್ನ ದೇಶದ ಕಾನೂನನ್ನು ತಾನೇ ನೋಡಿಕೊಳ್ಳತಕ್ಕದ್ದು, ಕಂಪೆನಿ ಹೊಣೆಯಲ್ಲ ಎಂದು ಒಂದು ಷರತ್ತು. ತನಿಖೆ, ತಪಾಸಣೆ, ದೂರು ಕೇಳುವ ವ್ಯವಸ್ಥೆ ಎಲ್ಲವೂ ಕಾಗದದಲ್ಲಿ ಶೋಭಿಸುತ್ತಿದ್ದವು. ಲೈಸೆನ್ಸಿನ ಶುಲ್ಕ ಕಟ್ಟುವ ವಿಧಾನವನ್ನು ಮಾತ್ರ ಬಹಳ ಕಾಳಜಿಯಿಂದ ವಿವರಿಸಿದ್ದರು. ಅದರ ಮಧ್ಯೆ ಒಂದು ಸಾಲು ಕಂಡಿತು. ಎರಡು ಸಲ ಓದಿದೆ. ಲೈಸೆನ್ಸ್ ಪಡೆದ ಕಂಪೆನಿ ತನ್ನ ಆಟಗಳನ್ನು ಲೈಸೆನ್ಸ್ ಕೊಟ್ಟ ಆ ದ್ವೀಪ ದೇಶದ ನಿವಾಸಿಗಳಿಗೇ ಆಡಿಸಕೂಡದು.

ಹೋಟೆಲಿನವರಿಗೆ ಇದನ್ನು ಕನ್ನಡದಲ್ಲಿ ಹೇಳಿದೆ.

"ಅಂದ್ರೆ ಅವರ ಊರಿನವರು ಆಡ್ಲಿಕ್ಕಿಲ್ಲ?"

"ಇಲ್ಲ."

"ತನ್ನ ಮನೆಯವರಿಗೆ ಹಾಕದ ಊಟ ನಮಗೆ ಬಡಿಸುದಾ?" ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ನಾನು ಹೋಟೆಲು ಮಾಡಿದವ ಮೇಡಂ. ನನ್ನ ಮಕ್ಕಳು ಉಂಡದ್ದು ಇದೇ ಪಾತ್ರೆಯಿಂದ. ಅವರ ಮಿತ್ರ ಅಂತ ನಾನು ಸಹಿ ಹಾಕುದಿಲ್ಲ."

"ಹಾಕದಿದ್ರೆ ಆ ಏಜೆಂಟ್ ನಿಮ್ಮ ಮೇಲೆ ಹೇಳ್ತಾನೆ. ಜಾಮೀನು ಸಿಗದೆಯೂ ಇರಬಹುದು. ಆಟದ ದಿನ ನೀವು ಒಳಗೆ ಇರಬಹುದು."

"ಆಟ ನನ್ನ ತಮ್ಮ ಆಡಿಸ್ತಾನೆ. ಅಪ್ಪನ ಹೆಸರಿನಲ್ಲಿ ಆಗುವ ಆಟಕ್ಕೆ ಸುಳ್ಳು ಹೇಳಿ ಬಂದು ಕೂರ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಆ ಮೇಲೆ ನಾನು ವಾದವನ್ನೇ ತಿರುಗಿಸಿದೆ. ಅದುವರೆಗೆ ನನ್ನ ಅರ್ಜಿ ಆ ಆ್ಯಪು ಎಂಥದ್ದು ಎಂಬ ಬಗ್ಗೆ ಬಾಯಿ ಬಿಟ್ಟಿರಲಿಲ್ಲ, ಅದು ಜಾಣತನದ ಮೌನ. ಈಗ ಹೆಚ್ಚುವರಿ ಹೇಳಿಕೆ ಹಾಕಿ ಅದು ಜುಗಾರಿ ಎಂದು ನಾನೇ ಬರೆದೆ, ಆ ದೇಶದ ಷರತ್ತನ್ನೂ ಲಗತ್ತಿಸಿದೆ. ಇದರಲ್ಲಿ ಅಪಾಯ ಇತ್ತು. ನಮ್ಮ ಖಾತೆಗೆ ಬಂದದ್ದು ಜುಗಾರಿಯ ಹಣ ಎಂದು ನಾವೇ ಒಪ್ಪಿದ ಹಾಗೆ ಆಗುತ್ತಿತ್ತು. ಉಳಿಯುವುದು ಗೊತ್ತಿತ್ತೋ ಇಲ್ಲವೋ ಎಂಬ ಒಂದು ಎಳೆ. ಆ ಎಳೆಯನ್ನು ಕತ್ತರಿಸಲು 'ಆಟ ಆಡಿಸುತ್ತೇನೆ' ಎಂಬ ಒಪ್ಪಿಗೆ ಕತ್ತಿ ಹಿಡಿದು ನಿಂತಿತ್ತು.

ನಮ್ಮ ಅರ್ಜಿ, ಏಜೆಂಟನ ಜಾಮೀನಿನ ಅರ್ಜಿ ಎರಡೂ ಒಂದೇ ದಿನ ವಿಚಾರಣೆಗೆ ಬಂದವು. ಮೊದಲು ಬೆಂಗಳೂರಿನವರು ಎದ್ದರು. ದ್ವೀಪ ದೇಶದ ಸಾರ್ವಭೌಮತ್ವದ ಬಗ್ಗೆ ಅವರು ಮಾತಾಡಿದ್ದನ್ನು ಕೇಳಿದರೆ ಅಲ್ಲಿಯವರಿಗೇ ಕಣ್ಣೀರು ಬರುತ್ತಿತ್ತು. ನ್ಯಾಯಾಧೀಶರು ಉತ್ತರ ಕರ್ನಾಟಕದವರು, ಮಾತು ಕಡಿಮೆ. ನನ್ನ ಲಗತ್ತಿನ ಹಾಳೆ ತಿರುಗಿಸಿ ಒಂದೇ ಪ್ರಶ್ನೆ ಕೇಳಿದರು.

"ಆ ದೇಶದ ಮಂದಿ ಈ ಆಟ ಆಡಬಹುದೇನು?"

ಬೆಂಗಳೂರಿನವರು ತಮ್ಮ ಕಡತದಲ್ಲಿ ಹುಡುಕಿದರು, ಜೊತೆಯವರ ಕಿವಿಯಲ್ಲಿ ಏನೋ ಕೇಳಿದರು, ಆಮೇಲೆ ಅದು ಬೇರೆ ವಿಷಯ ಸ್ವಾಮಿ ಎಂದರು. ನ್ಯಾಯಾಧೀಶರು ಬರೆದುಕೊಂಡರು.

ಅನಂತರ ಸರ್ಕಾರಿ ವಕೀಲರು ನಮ್ಮ ವಿರುದ್ಧ ಎದ್ದರು. ಸುಳ್ಯ ಕಡೆಯವರು, ಸಜ್ಜನರು, ಕೆಲಸದ ಹೊರೆಯಲ್ಲಿ ಬಿದ್ದವರು. ಆ ಕಡತವನ್ನು ಅವರು ಅಂದು ಬೆಳಿಗ್ಗೆಯಷ್ಟೇ ನೋಡಿದ್ದರು, ತಕರಾರು ತಯಾರಿಸಿದ್ದು ಠಾಣೆಯಲ್ಲಿ. ಹೇಳಿಕೆಯನ್ನು ಗಡಗಡನೆ ಓದಿದರು. ತಂದೆಯ ಕಾಲದಿಂದಲೂ ಪ್ರತಿ ವರ್ಷ ಆಟ ಆಡಿಸುತ್ತಾ ಬಂದಿರುವುದಾಗಿ, ಎಂಬಲ್ಲಿ ದನಿ ಸ್ವಲ್ಪ ತಡವರಿಸಿತು. ಆದರೂ ಓದಿ ಮುಗಿಸಿದರು.

"ಯಾವ ಆಟ ಇದು?" ನ್ಯಾಯಾಧೀಶರು ಕೇಳಿದರು.

ನಾನು ಎದ್ದು ನಿಂತೆ. "ಸ್ವಾಮಿ, ನಾನು ಹೇಳಿದರೆ ಕಕ್ಷಿಗಾರರ ಪರ ಹೇಳಿದ ಹಾಗೆ ಆಗುತ್ತದೆ. ಸರ್ಕಾರಿ ವಕೀಲರೇ ಹೇಳಲಿ. ಅವರು ಈ ಊರಿನವರು, ಅವರ ಮನೆಯಲ್ಲೂ ಆಟ ಆಡಿಸುವುದುಂಟು ಎಂದು ನನ್ನ ನಂಬಿಕೆ."

ಇಂಥದ್ದನ್ನು ಕೋರ್ಟಿನಲ್ಲಿ ಹೇಳುವ ಕ್ರಮ ಇಲ್ಲ, ಅದು ನನಗೂ ಗೊತ್ತು. ಅವರು ಬೇಕಾದರೆ ಆಕ್ಷೇಪ ಎತ್ತಬಹುದಿತ್ತು. ಎತ್ತಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಇನ್ನೊಮ್ಮೆ ನೋಡಿದರು, ಕನ್ನಡಕ ತೆಗೆದರು.

"ಉಂಟು ಸ್ವಾಮಿ. ಹೋದ ವರ್ಷ ಪತ್ತನಾಜೆಗೆ ಮೊದಲು ನಮ್ಮಲ್ಲಿ ಆಡಿಸಿದ್ದು. ಹರಕೆ. ವೀಳ್ಯ ನಾನೇ ಕೊಟ್ಟು ಬಂದದ್ದು."

ಪತ್ತನಾಜೆ ಎಂದರೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ದಿನ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಕೋರ್ಟು ನಕ್ಕಿತು. ಬೆಂಗಳೂರಿನವರು ಮಾತ್ರ ಅರ್ಥವಾಗದೆ ಸುತ್ತ ನೋಡಿದರು.

"ಬಯಲಾಟ ಏನ್ರಿ?" ನ್ಯಾಯಾಧೀಶರ ಮುಖದಲ್ಲಿ ನಗೆಯ ಎಳೆ ಕಂಡಿತು. "ನಮ್ಮ ಕಡೆ ದೊಡ್ಡಾಟ ಅಂತೀವಿ. ನಮ್ಮ ಅಪ್ಪನೂ ಆಡಸ್ತಿದ್ದ." ಮತ್ತೆ ಗಂಭೀರರಾಗಿ ತನಿಖಾಧಿಕಾರಿಯತ್ತ ತಿರುಗಿದರು. "ಈ ಮಾತು ಬಿಟ್ಟು ಇವರಿಗೆ ಗೊತ್ತಿತ್ತು ಅನ್ನಲಿಕ್ಕೆ ಮತ್ತೇನದ?"

ಏಜೆಂಟ್ ಕೊಟ್ಟ ಹೇಳಿಕೆ ಉಂಟು ಎಂದರು. ಅದನ್ನು ಕೊಟ್ಟದ್ದು ನಾವು ಅಫಿಡವಿಟ್ ಹಾಕುವುದಿಲ್ಲ ಎಂದು ಬೆಂಗಳೂರಿನವರಿಗೆ ತಿಳಿಸಿದ ಮರುದಿನ ಎಂದು ನಾನು ತೋರಿಸಿದೆ. ಮತ್ತೇನೂ ಇರಲಿಲ್ಲ. ಕರೆದಾಗ ಠಾಣೆಗೆ ಹೋಗಬೇಕು, ಜಾಮೀನುದಾರರನ್ನು ಕೊಡಬೇಕು, ಊರು ಬಿಟ್ಟು ಹೋಗಬಾರದು ಎಂಬ ಷರತ್ತುಗಳೊಂದಿಗೆ ನಮಗೆ ಜಾಮೀನು ಆಯಿತು. ಏಜೆಂಟನದ್ದು ತಿರಸ್ಕಾರವಾಯಿತು. ದ್ವೀಪ ದೇಶ ಅವನನ್ನು ಬಿಡಿಸಲು ಬರಲಿಲ್ಲ, ಆ್ಯಪು ಬೇರೆ ಹೆಸರಿನಲ್ಲಿ ಬೇರೆ ಬಣ್ಣದಲ್ಲಿ ನಡೆಯುತ್ತಲೇ ಇತ್ತು. ಬೂಟಿನ ವಕೀಲರು ಮತ್ತೆ ಪುತ್ತೂರಿನಲ್ಲಿ ಕಾಣಲಿಲ್ಲ. ಏಜೆಂಟರು ಅವರಿಗೆ ಬೇಕಾದಷ್ಟು ಸಿಗುತ್ತಾರೆ.

ಹೊರಗೆ ತನಿಖಾಧಿಕಾರಿ ಹೋಟೆಲಿನವರ ಹತ್ತಿರ ಬಂದು, "ಯಕ್ಷಗಾನ ಅಂತ ಒಂದು ಮಾತು ಹೇಳಬಾರದಿತ್ತಾ ಯಜಮಾನ್ರೆ?" ಎಂದರು. ದನಿಯಲ್ಲಿ ಪಶ್ಚಾತ್ತಾಪ ಇದ್ದ ಹಾಗಿತ್ತು. ಹೋಟೆಲಿನವರು ಕೈ ಮುಗಿದು, "ಇನ್ನು ಹಾಗೇ ಹೇಳ್ತೇನೆ ಸರ್" ಎಂದರು. ಆಗ ನನಗೆ ಅದು ದೊಡ್ಡ ಮಾತು ಎನಿಸಲಿಲ್ಲ.

ಖಾತೆ ಇನ್ನೂ ಬಂದ್ ಆಗಿಯೇ ಇತ್ತು, ಅದರ ಅರ್ಜಿ ಬೇರೆ. ನಾನು ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಹೋಟೆಲಿಗೆ ಹೊಕ್ಕೆ. ಗಲ್ಲಾದ ಮೇಲಿನ ಕ್ಯೂಆರ್ ಚೀಟಿಯನ್ನು ಉಗುರಿನಲ್ಲಿ ಕೆರೆದು ತೆಗೆದ ಗುರುತು ಇತ್ತು. ಪರಿಚಯದವರು ಚಾ ಕುಡಿಯುತ್ತಾ "ಎಂತ ಅಣ್ಣ, ಉಲಾಯಿಯಾ ಪಿದಾಯಿಯಾ?" ಎಂದು ತಮಾಷೆ ಮಾಡಿದರು. ಅವರು ನಗದೆ ಚಿಲ್ಲರೆ ಎಣಿಸಿ ಕೊಟ್ಟರು. ಜಾಮೀನು ಕೋರ್ಟು ಕೊಡಬಹುದು, ಪೇಟೆಯ ಬಾಯಿಂದ ಬಿಡಿಸುವವರು ಯಾರು?

ಕೆಲವು ದಿನ ಕಳೆದು ಫೋನ್ ಬಂತು.

"ಮೇಡಂ, ಶನಿವಾರ ನಮ್ಮಲ್ಲಿ ಯಕ್ಷಗಾನ ಬಯಲಾಟ ಕಾರ್ಯಕ್ರಮ ಉಂಟು. ನೀವು ಬರಬೇಕು."

ಸರ್ಕಾರಿ ಆಮಂತ್ರಣ ಪತ್ರಿಕೆ ಓದಿದ ಹಾಗೆ ಹೇಳಿದರು. ನನಗೆ ನಗು ಬಂತು.

"ಎಂತ ಕಾರ್ಯಕ್ರಮ ಮಾರಾಯ್ರೆ, ಆಟ ಅಂತ ಹೇಳಿ."

ಆ ಕಡೆ ಹೋಟೆಲಿನಲ್ಲಿ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು. ಅವರು ದನಿ ತಗ್ಗಿಸಿ ಹೇಳಿದರು.

"ಫೋನಿನಲ್ಲಿ ಬೇಡ ಮೇಡಂ."